ನದಿಯೇ ಪಂಚಾಂಗ: ನಿವೃತ್ತರಿಗೆ ಮೋಟಾರ್‌ಹೋಮ್ ಮತ್ತು ಫ್ಲೈ ಫಿಶಿಂಗ್ ಕೈಪಿಡಿ

ನಿವೃತ್ತಿಯ ನಂತರದ ವರ್ಷಗಳನ್ನು ಮೋಟಾರ್‌ಹೋಮಿನಲ್ಲಿ ಕಳೆಯಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ವಾಹನ ನೋಡುತ್ತಾರೆ, ಆಮೇಲೆ ಊರುಗಳ ಪಟ್ಟಿ ಮಾಡುತ್ತಾರೆ, ಅಲ್ಲಿ ಹೋಗಿ ಮಾಡುವುದೇನು ಎಂಬುದನ್ನು ಕೊನೆಗೆ ಯೋಚಿಸುತ್ತಾರೆ. ಫ್ಲೈ ಫಿಶಿಂಗ್, ಅಂದರೆ ಹುಸಿ ಕೀಟ ಕಟ್ಟಿದ ಗಾಳದಿಂದ ಮೀನು ಹಿಡಿಯುವುದು, ಇದನ್ನು ಮಾಡುತ್ತ ದಿನ ಕಳೆಯುವುದೇ ಉದ್ದೇಶವಾಗಿದ್ದರೆ ಈ ಕ್ರಮ ಪೂರ್ತಿ ತಿರುಗಬೇಕು. ಯಾವ ನದಿ, ಯಾವ ತಿಂಗಳು, ಆಗ ನೀರು ಎಷ್ಟು ತಣ್ಣಗಿರುತ್ತದೆ ಎಂಬುದು ಮೊದಲು ತೀರ್ಮಾನವಾಗಬೇಕು. ವಾಹನದ ಉದ್ದ, ತಂಗುವ ಜಾಗ, ಆರೋಗ್ಯವಿಮೆ, ಅಂಚೆ ವಿಳಾಸ, ಕೊನೆಗೆ ಊರಿಗೆ ಹೋಗಿಬರುವ ತಿಂಗಳೂ ಅದನ್ನು ಅನುಸರಿಸಬೇಕು. ಅಮೆರಿಕದಲ್ಲಿ ದುಡಿದು, ಮಕ್ಕಳನ್ನು ದಡ ಸೇರಿಸಿ, ಅರವತ್ತು ದಾಟಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮೊಂಟಾನಾ, ವಯೋಮಿಂಗ್, ಐಡಾಹೊ, ಯೂಟಾ, ನ್ಯೂ ಮೆಕ್ಸಿಕೊಗಳ ಟ್ರೌಟ್ ನದಿಗಳಿಗೆ ಸೀಮಿತವಾಗಿ ಹೇಳುವುದೇ ಒಳ್ಳೆಯದು, ಏಕೆಂದರೆ ಈ ಬಗೆಯ ಜೀವನಕ್ಕೆ ಬೇಕಾದ ನದಿ, ಸರ್ಕಾರಿ ಭೂಮಿ ಮತ್ತು ರಸ್ತೆ ಮೂರೂ ಒಟ್ಟಿಗೆ ಸಿಗುವುದು ಅಲ್ಲಿ.

ನೀರಿನ ಲೆಕ್ಕ

ಟ್ರೌಟ್ ತಣ್ಣೀರಿನ ಮೀನು. ನೀರು ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದು ಚುರುಕಾಗಿ ಮೇಯುತ್ತದೆ. 20 ಡಿಗ್ರಿ ಸಮೀಪಿಸಿದಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗಿ ಅದಕ್ಕೆ ಉಸಿರಾಟವೇ ಕಷ್ಟವಾಗುತ್ತದೆ, ಆಗ ಗಾಳಕ್ಕೆ ಸಿಕ್ಕಿ ಸೆಣಸಿದ ಮೀನನ್ನು ಎಷ್ಟು ನಾಜೂಕಾಗಿ ಬಿಟ್ಟರೂ ಅದು ಸಾಯುವ ಸಂಭವ ಹೆಚ್ಚು. ಆದ್ದರಿಂದ ರಾಡ್ ಎಂಬ ಗಾಳದ ಕೋಲನ್ನು ಕೊಳ್ಳುವ ಮೊದಲೇ ದಾರ ಕಟ್ಟಿದ ಒಂದು ಸಣ್ಣ ಥರ್ಮಾಮೀಟರ್ ಕೊಳ್ಳಿ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಪ್ರಮುಖ ನದಿಗಳಲ್ಲಿ ನೀರಿನ ಹರಿವಿನ ಮಾಪಕಗಳನ್ನು ಇಟ್ಟಿದೆ. ಹಲವು ಕಡೆ ಉಷ್ಣತೆಯೂ ದಾಖಲಾಗುತ್ತದೆ. ಆ ಅಂಕಿಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಪ್ರತಿದಿನ ಬೆಳಿಗ್ಗೆ ಕಾಫಿಯ ಜೊತೆಗೆ ಆ ಎರಡು ಅಂಕಿಗಳನ್ನು ನೋಡುವ ಅಭ್ಯಾಸವಾದರೆ ಅರ್ಧ ವಿದ್ಯೆ ಬಂದಂತೆ.

ನದಿಗಳಲ್ಲಿ ಎರಡು ಬಗೆ. ಹಿಮ ಕರಗಿ ತಾನಾಗಿ ಹರಿಯುವ ನದಿ ಒಂದು ಬಗೆ; ಮೇ ತಿಂಗಳಿನಿಂದ ಜೂನ್ ಮಧ್ಯದವರೆಗೆ, ಕೆಲವು ವರ್ಷ ಇನ್ನೂ ಮುಂದಕ್ಕೂ, ಅದು ಕೆಂಪಗೆ ಉಕ್ಕಿ ಹರಿಯುತ್ತದೆ, ಆಗ ಅದರ ಹತ್ತಿರ ಹೋಗಿ ಪ್ರಯೋಜನವಿಲ್ಲ. ದೊಡ್ಡ ಅಣೆಕಟ್ಟಿನ ತಳದಿಂದ ಬಿಟ್ಟ ನೀರು ಹರಿಯುವ ನದಿ ಇನ್ನೊಂದು ಬಗೆ. ಜಲಾಶಯದ ಆಳದ ನೀರು ಬೇಸಿಗೆಯಲ್ಲೂ ತಣ್ಣಗೆ, ಚಳಿಗಾಲದಲ್ಲೂ ಹೆಪ್ಪುಗಟ್ಟದೆ ಇರುವುದರಿಂದ ಇಲ್ಲಿ ವರ್ಷವಿಡೀ ಮೀನು ಹಿಡಿಯಬಹುದು. ನ್ಯೂ ಮೆಕ್ಸಿಕೊದ ನವಾಹೊ ಅಣೆಕಟ್ಟಿನ ಕೆಳಗಿನ ಸ್ಯಾನ್ ಹ್ವಾನ್, ಯೂಟಾದ ಫ್ಲೇಮಿಂಗ್ ಗಾರ್ಜ್ ಅಣೆಕಟ್ಟಿನ ಕೆಳಗಿನ ಗ್ರೀನ್, ಮೊಂಟಾನಾದ ಯೆಲ್ಲೊಟೇಲ್ ಅಣೆಕಟ್ಟಿನ ಕೆಳಗಿನ ಬಿಗ್‌ಹಾರ್ನ್, ಹೋಲ್ಟರ್ ಅಣೆಕಟ್ಟಿನ ಕೆಳಗೆ ಕ್ರೇಗ್ ಎಂಬ ಪುಟ್ಟ ಊರಿನ ಬಳಿ ಹರಿಯುವ ಮಿಸೂರಿ ಇವೆಲ್ಲ ಈ ಬಗೆಯವು. ಫ್ಲೇಮಿಂಗ್ ಗಾರ್ಜ್‌ನಿಂದ ಲಿಟ್ಲ್ ಹೋಲ್‌ವರೆಗೆ ನದಿಯ ದಂಡೆಯಲ್ಲೇ 7 ಮೈಲಿ ಕಾಲುದಾರಿ ಇದೆ. ದೋಣಿಯ ಹಂಗಿಲ್ಲದೆ, ಮಂಡಿಯ ಶಕ್ತಿಗೆ ತಕ್ಕಷ್ಟು ನಡೆದು, ಬೇಕೆಂದಲ್ಲಿ ನಿಂತು ಗಾಳ ಹಾಕಬಹುದಾದ ಇಂಥ ಜಾಗ ಹಿರಿಯರಿಗೆ ಹೇಳಿ ಮಾಡಿಸಿದ್ದು.

ವರ್ಷದ ಸಂಚಾರವನ್ನು ಈ ಎರಡು ಬಗೆಯ ನದಿಗಳ ನಡುವೆ ಹಂಚಬೇಕು. ಏಪ್ರಿಲ್ ಮತ್ತು ಮೇ ತಿಂಗಳು ಅಣೆಕಟ್ಟಿನ ಕೆಳಗಿನ ನದಿಗಳಿಗೆ ಮೀಸಲಿರಲಿ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಮೀನುಗಾರಿಕೆ ತೆರೆಯುವುದು ಮೇ ಕೊನೆಯ ಮೆಮೋರಿಯಲ್ ಡೇ ವಾರಾಂತ್ಯಕ್ಕೆ. ಅಲ್ಲಿಯ ಫೈರ್‌ಹೋಲ್ ನದಿಗೆ ಬಿಸಿನೀರಿನ ಬುಗ್ಗೆಗಳ ನೀರು ಸೇರುವುದರಿಂದ ಅದು ಬೇಗ ತಿಳಿಯಾಗುತ್ತದೆ, ಬೇಗ ಬಿಸಿಯೂ ಆಗುತ್ತದೆ. ಆದ್ದರಿಂದ ಅದು ಜೂನ್ ಮತ್ತು ಸೆಪ್ಟೆಂಬರ್ ತಿಂಗಳ ನದಿ, ನಡುಬೇಸಿಗೆಯದಲ್ಲ. ಜೂನ್ ಕೊನೆಗೆ ಅಥವಾ ಜುಲೈ ಆರಂಭಕ್ಕೆ ಮೊಂಟಾನಾದ ಮ್ಯಾಡಿಸನ್ ನದಿಯಲ್ಲಿ ಸಾಲ್ಮನ್‌ಫ್ಲೈ ಎಂಬ, ಬೆರಳುದ್ದದ ಕಿತ್ತಳೆ ಹೊಟ್ಟೆಯ ಕೀಟ ಹೊರಬರುತ್ತದೆ. ಆಗ ದೊಡ್ಡ ಮೀನುಗಳು ಮೈಮರೆತು ಮೇಲಕ್ಕೆ ಬರುತ್ತವೆ, ಅದೇ ಕಾರಣಕ್ಕೆ ಜನವೂ ಮುತ್ತುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಿವೃತ್ತರು ಆ ಹತ್ತು ದಿನಗಳ ನೂಕುನುಗ್ಗಲನ್ನು ಬಿಟ್ಟುಕೊಟ್ಟರೆ ನಷ್ಟವೇನಿಲ್ಲ. ರಜೆ ಹಾಕಿ ಬಂದವರಿಗೆ ಅದು ಬೇಕು, ನಮಗೆ ಜುಲೈ ಮಧ್ಯದ ಮಂಗಳವಾರ ಸಾಕು. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಉದ್ಯಾನದೊಳಗೆ ಎತ್ತರದಲ್ಲಿರುವ ಲಮಾರ್ ಮತ್ತು ಸ್ಲೂ ಕ್ರೀಕ್ ನದಿಗಳ ಕಡೆ ಹೋಗಬೇಕು. ದಡದ ಹುಲ್ಲಿನಿಂದ ನೀರಿಗೆ ಬೀಳುವ ಮಿಡತೆಗಳನ್ನು ಕಾಯುವ ಕಟ್‌ತ್ರೋಟ್ ಟ್ರೌಟ್ ಅಲ್ಲಿ ಅವಸರವಿಲ್ಲದೆ ಮೇಲೆದ್ದು ಬರುತ್ತದೆ, ಹಾಗಾಗಿ ಹೊಸಬರಿಗೂ ಕೈಗೂಡುತ್ತದೆ.

ಬೇಸಿಗೆಯಲ್ಲಿ ಮೊಂಟಾನಾದ ಒಂದು ನಿಯಮವನ್ನು ನೆನಪಿಡಬೇಕು. ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಆ ಭಾಗದಲ್ಲಿ ಮಧ್ಯಾಹ್ನ 2 ಗಂಟೆಯಿಂದ ಮಧ್ಯರಾತ್ರಿಯವರೆಗೆ ಮೀನು ಹಿಡಿಯುವುದನ್ನು ನಿಲ್ಲಿಸುತ್ತಾರೆ. ಇದನ್ನು ಅಲ್ಲಿಯವರು ಹೂಟ್ ಔಲ್ ನಿರ್ಬಂಧ ಎನ್ನುತ್ತಾರೆ. ನಿರ್ಬಂಧ ಬರುವವರೆಗೆ ಕಾಯದೆ ಆಗಸ್ಟ್‌ನಲ್ಲಿ ನಸುಕಿಗೆ ಹೋಗಿ ಹನ್ನೊಂದು ಗಂಟೆಗೆ ವಾಪಸಾಗುವುದು ಮೀನಿಗೂ ವಯಸ್ಸಾದ ದೇಹಕ್ಕೂ ಒಳ್ಳೆಯದು. ಸೆಪ್ಟೆಂಬರ್ ಕೊನೆಗೆ ಹೆಬ್ಗನ್ ಸರೋವರದಿಂದ ಬ್ರೌನ್ ಟ್ರೌಟ್‌ಗಳು ಮೊಟ್ಟೆಯಿಡಲು ಮ್ಯಾಡಿಸನ್ ನದಿಯಲ್ಲಿ ಮೇಲಕ್ಕೆ ಏರುತ್ತವೆ, ಅದು ಆ ಭಾಗದ ಕೊನೆಯ ಸುಗ್ಗಿ. ಅಕ್ಟೋಬರ್ 31ಕ್ಕೆ ಉದ್ಯಾನದ ಹೆಚ್ಚಿನ ಕಡೆ ಮೀನುಗಾರಿಕೆ ಮುಗಿಯುತ್ತದೆ, ಆದರೆ ಮೋಟಾರ್‌ಹೋಮಿನಲ್ಲಿರುವವರು ಅಷ್ಟು ದಿನ ಕಾಯಬಾರದು. ಎರಡು ಸಾವಿರ ಮೀಟರ್ ಎತ್ತರದಲ್ಲಿ ಅಕ್ಟೋಬರ್ ರಾತ್ರಿಗಳಿಗೆ ಕೊಳಾಯಿ ಒಡೆಯುವ ಶಕ್ತಿಯಿದೆ.

ವಾಹನ

ಮೋಟಾರ್‌ಹೋಮ್‌ಗಳಲ್ಲಿ ಮೂರು ವರ್ಗ. ಕ್ಲಾಸ್ ಎ ಎಂದರೆ ಬಸ್ಸಿನಂತೆ ಮುಖವಿರುವ ದೊಡ್ಡದು, ಕ್ಲಾಸ್ ಬಿ ಎಂದರೆ ವ್ಯಾನಿನೊಳಗೇ ಮನೆ ಮಾಡಿದ್ದು, ಕ್ಲಾಸ್ ಸಿ ಎಂದರೆ ಟ್ರಕ್ಕಿನ ಮುಂಭಾಗದ ಮೇಲೆ ಹಾಸಿಗೆ ಚಾಚಿಕೊಂಡಿರುವುದು. ಮಾರಾಟಗಾರರು ವಿಶಾಲವಾದ ಸೋಫಾ, ಎರಡು ಟಿವಿ, ಗೋಡೆಯಿಂದ ಹೊರಚಾಚುವ ಕೋಣೆಗಳನ್ನು ತೋರಿಸಿ ಉದ್ದದ ವಾಹನಕ್ಕೆ ಒಪ್ಪಿಸಲು ನೋಡುತ್ತಾರೆ. ನೀವು ಒಪ್ಪಬೇಡಿ. ರಾಷ್ಟ್ರೀಯ ಉದ್ಯಾನ ಮತ್ತು ಅರಣ್ಯಗಳ ತಂಗುದಾಣಗಳಲ್ಲಿ ಹೆಚ್ಚಿನವು ದಶಕಗಳ ಹಿಂದೆ ಸಣ್ಣ ಟ್ರೇಲರ್ ಮತ್ತು ಡೇರೆಗಳಿಗಾಗಿ ಮಾಡಿದವು. 30 ಅಡಿ ದಾಟಿದರೆ ಆಯ್ಕೆ ಕುಗ್ಗುತ್ತದೆ, ನದಿಗೆ ಸಮೀಪದ ಒಳ್ಳೆಯ ಜಾಗಗಳಲ್ಲಿ ಅನೇಕವು 25 ಅಡಿಯೊಳಗಿನ ವಾಹನಕ್ಕೆ ಮಾತ್ರ ಅನುಕೂಲ. ಇಬ್ಬರಿಗೆ 24ರಿಂದ 25 ಅಡಿಯ ಕ್ಲಾಸ್ ಸಿ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ರಾತ್ರಿ ಎದ್ದು ಓಡಾಡುವ ವಯಸ್ಸಿನಲ್ಲಿ ಏಣಿ ಹತ್ತಿ ಮಲಗುವ ಮೇಲಿನ ಹಾಸಿಗೆಯನ್ನು ನಂಬಬೇಡಿ. ಹಿಂಭಾಗದಲ್ಲಿ ಎರಡೂ ಬದಿಯಿಂದ ಇಳಿಯಬಹುದಾದ ಮಂಚವಿರುವ ವಿನ್ಯಾಸವನ್ನೇ ಹುಡುಕಿ.

ಕೊಳ್ಳುವ ಮುನ್ನ ಅದೇ ಮಾದರಿಯ ವಾಹನವನ್ನು ಎರಡು ವಾರ ಬಾಡಿಗೆಗೆ ಪಡೆದು, ಮಳೆ ಬರುವ ದಿನವೂ ಸೇರುವಂತೆ ನೋಡಿಕೊಂಡು, ಇಬ್ಬರೂ ಅದರೊಳಗೆ ಇದ್ದು ನೋಡಬೇಕು. ಹಳೆಯ ವಾಹನವಾದರೆ ಛಾವಣಿಯ ಮೂಲೆಗಳಲ್ಲಿ, ಕಿಟಕಿಯ ಕೆಳಗೆ, ಸ್ನಾನದ ಮನೆಯ ನೆಲದಲ್ಲಿ ಬೆರಳಿನಿಂದ ಒತ್ತಿ ನೋಡಿ; ಮೆತ್ತಗಾಗಿದ್ದರೆ ಒಳಗೆ ನೀರು ಇಳಿದು ಮರ ಕೊಳೆತಿದೆ ಎಂದರ್ಥ, ಅಂಥ ವಾಹನ ಎಷ್ಟು ಅಗ್ಗವಾಗಿ ಬಂದರೂ ಬೇಡ. ಟೈರಿನ ಪಕ್ಕದಲ್ಲಿ ಡಾಟ್ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ವಾರ, ಉಳಿದೆರಡು ವರ್ಷ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಮೋಟಾರ್‌ಹೋಮಿನ ಟೈರುಗಳು ಸವೆಯುವುದಕ್ಕಿಂತ ಮೊದಲೇ ಬಿಸಿಲಿಗೆ ಒಣಗಿ ಬಿರಿಯುತ್ತವೆ. ಆರೇಳು ವರ್ಷವಾಗಿದ್ದರೆ ಹೊಸದು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ತೂಕದ ವಿಚಾರದಲ್ಲಿ ಉದಾಸೀನ ಬೇಡ. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುತ್ತದೆ, ಅಂದರೆ 40 ಗ್ಯಾಲನ್ ತುಂಬಿದ ಟ್ಯಾಂಕೊಂದೇ 330 ಪೌಂಡ್ ದಾಟಿತು. ಅದರ ಮೇಲೆ ಅಕ್ಕಿ ಮೂಟೆ, ಪುಸ್ತಕ, ಸಲಕರಣೆ, ಇಬ್ಬರು ಮನುಷ್ಯರು. ಬಾಗಿಲಿನ ಬಳಿ ಅಂಟಿಸಿದ ಹಳದಿ ಚೀಟಿಯಲ್ಲಿ ಎಷ್ಟು ಸರಕು ಹೇರಬಹುದೆಂದು ಬರೆದಿರುತ್ತದೆ. ಎಲ್ಲ ತುಂಬಿದ ಮೇಲೆ ಹೆದ್ದಾರಿಯ ಟ್ರಕ್ ನಿಲ್ದಾಣದ ತೂಕದ ಸೇತುವೆಯಲ್ಲಿ ಒಮ್ಮೆ ತೂಗಿಸಿ, ಆ ಮಿತಿಯೊಳಗಿದ್ದೀರೆಂದು ಖಾತ್ರಿ ಮಾಡಿಕೊಳ್ಳಿ. ಘಟ್ಟ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಇಳಿಯದೆ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿಯಬೇಕು. ಐಡಾಹೊ ಮತ್ತು ವಯೋಮಿಂಗಿನ ಜಾಕ್ಸನ್ ಊರಿನ ನಡುವಿನ ಟೀಟನ್ ಪಾಸ್‌ನ ಇಳಿಜಾರು ಶೇಕಡ 10ರಷ್ಟಿದೆ, ಅದನ್ನು ಸುತ್ತಿಕೊಂಡು ಹೋಗಲು ಬೇರೆ ದಾರಿಯೂ ಇದೆ.

ನದಿಯ ದಂಡೆಯ ಮಣ್ಣುರಸ್ತೆಗಳಿಗೆ ಮೋಟಾರ್‌ಹೋಮನ್ನೇ ಒಯ್ಯುವುದು ಕಷ್ಟ. ಹಿಂದೆ ಸಣ್ಣ ಕಾರೊಂದನ್ನು ಎಳೆದುಕೊಂಡು ಹೋಗುವುದು ರೂಢಿ. ಎಲ್ಲ ಕಾರುಗಳನ್ನೂ ನಾಲ್ಕು ಚಕ್ರ ನೆಲದ ಮೇಲಿಟ್ಟು ಎಳೆಯಲಾಗದು, ತಯಾರಕರ ಕೈಪಿಡಿ ಒಪ್ಪಿರಬೇಕು. ಹಾಗೆ ಎಳೆಯುವಾಗ ಹಿಂದಕ್ಕೆ ಚಲಿಸಲು ಸಾಧ್ಯವಿಲ್ಲ ಎಂಬುದೂ ತಿಳಿದಿರಬೇಕು. ಅರಿಯದ ರಸ್ತೆಗೆ ನುಗ್ಗುವ ಮೊದಲು ಕಾರನ್ನು ಬಿಚ್ಚಿ, ಅದರಲ್ಲಿ ಹೋಗಿ ನೋಡಿಬರುವುದೇ ಜಾಣತನ.

ವಿಳಾಸ, ವಿಮೆ, ತಂಗುವ ಜಾಗ

ಮನೆ ಮಾರಿ ಪೂರ್ಣಾವಧಿ ರಸ್ತೆಯಲ್ಲಿರುವವರಿಗೂ ಕಾನೂನಿನ ಪ್ರಕಾರ ಒಂದು ರಾಜ್ಯ ಬೇಕು. ಹೆಚ್ಚಿನವರು ಸೌತ್ ಡಕೋಟಾ, ಟೆಕ್ಸಾಸ್ ಅಥವಾ ಫ್ಲಾರಿಡಾವನ್ನು ಆರಿಸುವುದು ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವೆಂಬ ಕಾರಣಕ್ಕೆ, ಮತ್ತು ಅಂಚೆಯನ್ನು ಪಡೆದು ನೀವಿದ್ದಲ್ಲಿಗೆ ಕಳಿಸುವ ಸೇವೆಗಳು ಅಲ್ಲಿ ನೆಲೆಯೂರಿರುವ ಕಾರಣಕ್ಕೆ. ಟೆಕ್ಸಾಸಿನ ಲಿವಿಂಗ್‌ಸ್ಟನ್‌ನಲ್ಲಿರುವ ಎಸ್ಕೇಪೀಸ್ ಆರ್‌ವಿ ಕ್ಲಬ್ ಇಂಥ ಸೇವೆಗೆ ಹೆಸರಾದದ್ದು. ಮಗ ಅಥವಾ ಮಗಳ ಮನೆಯ ವಿಳಾಸವನ್ನು ಬಳಸುವವರು ಆ ರಾಜ್ಯದ ತೆರಿಗೆಗೆ ಒಳಪಡುವರೇ ಎಂದು ಲೆಕ್ಕಿಗರನ್ನು ಕೇಳಬೇಕು.

ಆರೋಗ್ಯವಿಮೆಯೇ ಹೆಚ್ಚು ಗಂಭೀರವಾದ ಸಂಗತಿ. 65 ತುಂಬಿದಾಗ ಸರ್ಕಾರದ ಆರೋಗ್ಯವಿಮೆಯಾದ ಮೂಲ ಮೆಡಿಕೇರ್ ಆರಿಸಿದರೆ ಅದನ್ನು ಒಪ್ಪುವ ಯಾವ ರಾಜ್ಯದ ವೈದ್ಯರ ಬಳಿಗೂ ಹೋಗಬಹುದು. ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳು ಸಾಮಾನ್ಯವಾಗಿ ಒಂದು ಪ್ರದೇಶದ ಆಸ್ಪತ್ರೆಗಳ ಜಾಲಕ್ಕೆ ಕಟ್ಟುಬಿದ್ದಿರುತ್ತವೆ, ತುರ್ತು ಚಿಕಿತ್ಸೆ ಬಿಟ್ಟರೆ ಉಳಿದದ್ದಕ್ಕೆ ಆ ಜಾಲಕ್ಕೇ ಮರಳಬೇಕಾಗುತ್ತದೆ. ಮೂಲ ಮೆಡಿಕೇರ್ ಭರಿಸದ ಖರ್ಚಿಗೆ ಮೆಡಿಗ್ಯಾಪ್ ಎಂಬ ಪೂರಕ ವಿಮೆ ಇದೆ. ಮೆಡಿಕೇರ್‌ನಲ್ಲಿ ವೈದ್ಯರ ಖರ್ಚು ನೋಡಿಕೊಳ್ಳುವ ಪಾರ್ಟ್ ಬಿ ಆರಂಭವಾದ ಮೊದಲ ಆರು ತಿಂಗಳಲ್ಲಿ ಅದನ್ನು ಕೊಂಡರೆ ಮಧುಮೇಹ, ಹೃದಯದ ತೊಂದರೆ ಮುಂತಾದವನ್ನು ಮುಂದಿಟ್ಟು ವಿಮೆಯವರು ನಿರಾಕರಿಸುವಂತಿಲ್ಲ. ಅವಧಿ ಮೀರಿದರೆ ಹೆಚ್ಚಿನ ರಾಜ್ಯಗಳಲ್ಲಿ ಆ ರಕ್ಷಣೆ ಇಲ್ಲ. ನಮ್ಮವರಲ್ಲಿ ಸಕ್ಕರೆ ಕಾಯಿಲೆ ಎಷ್ಟು ಸಾಮಾನ್ಯವೆಂದು ಬಲ್ಲವರಿಗೆ ಈ ಆರು ತಿಂಗಳ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. ಔಷಧಗಳನ್ನು ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ, ದೇಶಾದ್ಯಂತ ಶಾಖೆಗಳಿರುವ ಅಂಗಡಿಯಿಂದ ಪಡೆಯಿರಿ.

62 ವರ್ಷ ತುಂಬಿದ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಉಳ್ಳವರಿಗೆ 80 ಡಾಲರಿಗೆ ಜೀವಮಾನದ ಸೀನಿಯರ್ ಪಾಸ್ ಸಿಗುತ್ತದೆ. ಅದರಿಂದ ರಾಷ್ಟ್ರೀಯ ಉದ್ಯಾನಗಳ ಪ್ರವೇಶ ಉಚಿತ, ಅನೇಕ ಸರ್ಕಾರಿ ತಂಗುದಾಣಗಳಲ್ಲಿ ಅರ್ಧ ಶುಲ್ಕ. ಭೂನಿರ್ವಹಣಾ ಇಲಾಖೆಯ ಬಯಲು ಜಾಗಗಳಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ಉಚಿತವಾಗಿ ತಂಗಬಹುದು. ಅಲ್ಲಿ ನೀರು, ವಿದ್ಯುತ್ತು, ಶೌಚ ಯಾವುದೂ ಇರುವುದಿಲ್ಲ. ಯೆಲ್ಲೊಸ್ಟೋನಿನೊಳಗೆ ನೀರು, ವಿದ್ಯುತ್ತು, ಒಳಚರಂಡಿ ಮೂರರ ಸಂಪರ್ಕವೂ ಇರುವುದು ಫಿಶಿಂಗ್ ಬ್ರಿಡ್ಜ್ ತಂಗುದಾಣದಲ್ಲಿ ಮಾತ್ರ. ಹೆಸರು ಕೇಳಿ ಗಾಳ ಹಿಡಿದು ಓಡಬೇಡಿ. ಆ ಸೇತುವೆಯ ಮೇಲಿಂದ ಮೀನು ಹಿಡಿಯುವುದನ್ನು 1973ರಲ್ಲೇ ನಿಷೇಧಿಸಲಾಗಿದೆ.

ಪರವಾನಗಿ ಮತ್ತು ದಾರಿಯ ಹಕ್ಕು

ಪ್ರತಿ ರಾಜ್ಯಕ್ಕೂ ಬೇರೆ ಪರವಾನಗಿ ಬೇಕು, ಪರಸ್ಥಳದವರಿಗೆ ಶುಲ್ಕವೂ ಹೆಚ್ಚು. ವರ್ಷಕ್ಕೆ ಐದು ರಾಜ್ಯ ಸುತ್ತುವುದಕ್ಕಿಂತ ಎರಡು ರಾಜ್ಯಗಳಲ್ಲಿ ದೀರ್ಘಕಾಲ ಇರುವುದು ಲಾಭ ಎನ್ನುವುದಕ್ಕೆ ಇದೂ ಒಂದು ಕಾರಣ. ಮೊಂಟಾನಾದ ಪರವಾನಗಿ ಯೆಲ್ಲೊಸ್ಟೋನ್ ಉದ್ಯಾನದೊಳಗೆ ನಡೆಯುವುದಿಲ್ಲ, ಸೀನಿಯರ್ ಪಾಸ್ ಕೂಡ ಅದಕ್ಕೆ ಬದಲಿಯಲ್ಲ. ಉದ್ಯಾನದ್ದೇ ಪ್ರತ್ಯೇಕ ಅನುಮತಿ ಪಡೆಯಬೇಕು. ಅಲ್ಲಿ ಮುಳ್ಳಿಲ್ಲದ ಕೊಕ್ಕೆ, ಸೀಸವಿಲ್ಲದ ತೂಕ ಕಡ್ಡಾಯ. ಹೊರಗಿನ ಜೀವಿಗಳು ಒದ್ದೆ ಬಟ್ಟೆಯ ಮೂಲಕ ಒಂದು ನದಿಯಿಂದ ಇನ್ನೊಂದಕ್ಕೆ ದಾಟುತ್ತವೆಂಬ ಕಾರಣಕ್ಕೆ ಫೆಲ್ಟ್ (ಒತ್ತಿದ ಉಣ್ಣೆಯಂಥ ಬಟ್ಟೆ) ಅಡಿಯ ಬೂಟುಗಳನ್ನು 2018ರಿಂದ ನಿಷೇಧಿಸಿದ್ದಾರೆ. ಫೈರ್‌ಹೋಲ್ ಮತ್ತು ಉದ್ಯಾನದೊಳಗಿನ ಮ್ಯಾಡಿಸನ್‌ನಲ್ಲಿ ಫ್ಲೈ ಬಿಟ್ಟು ಬೇರೆ ಗಾಳವೇ ಸಲ್ಲದು.

ನದಿಯ ಮೇಲಿನ ಹಕ್ಕು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಇದನ್ನು ತಿಳಿಯದೆ ನೀರಿಗಿಳಿದರೆ ದಂಡ ಕಟ್ಟಬೇಕಾಗುತ್ತದೆ. ಮೊಂಟಾನಾದಲ್ಲಿ 1985ರ ಕಾನೂನಿನ ಪ್ರಕಾರ, ಸಾರ್ವಜನಿಕ ಜಾಗದಿಂದ ನದಿಗೆ ಇಳಿದವರು ಸಾಮಾನ್ಯ ಪ್ರವಾಹದ ಗುರುತಿನೊಳಗೆ, ಎರಡೂ ಬದಿ ಖಾಸಗಿ ಜಮೀನಿದ್ದರೂ, ನಡೆದುಕೊಂಡು ಹೋಗಬಹುದು. ಪಕ್ಕದ ವಯೋಮಿಂಗ್‌ನಲ್ಲಿ ಖಾಸಗಿ ಜಮೀನಿನ ನಡುವಿನ ನದಿಯ ತಳವೂ ಜಮೀನುದಾರನದೇ. ದೋಣಿಯಲ್ಲಿ ತೇಲಿಹೋಗಬಹುದು, ಕಾಲೂರುವಂತಿಲ್ಲ, ಲಂಗರು ಹಾಕುವಂತಿಲ್ಲ. ಆದ್ದರಿಂದ ನಡೆದು ಮೀನು ಹಿಡಿಯುವ ಹಿರಿಯರಿಗೆ ಮೊಂಟಾನಾವೇ ವಾಸಿ. ಆ ರಾಜ್ಯ ನದಿಗಳುದ್ದಕ್ಕೂ ಮೀನುಗಾರರಿಗಾಗಿ ಪ್ರವೇಶಸ್ಥಳಗಳನ್ನು ಮಾಡಿದೆ, ಅವುಗಳಲ್ಲಿ ಹಲವೆಡೆ ರಾತ್ರಿ ತಂಗುವುದಕ್ಕೂ ಅವಕಾಶವಿದೆ.

ಸಲಕರಣೆ ಮತ್ತು ಕಲಿಕೆ

ಸಾಮಾನ್ಯ ಗಾಳದಲ್ಲಿ ತೂಕ ಇರುವುದು ತುದಿಯಲ್ಲಿ; ಎಸೆದ ತೂಕವೇ ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಎಂಬುದು ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಸಿ ಕೀಟ, ಅದಕ್ಕೆ ತೂಕವೇ ಇಲ್ಲ. ಇಲ್ಲಿ ತೂಕ ಇರುವುದು ದಪ್ಪನೆಯ ದಾರದಲ್ಲಿ. ಆ ದಾರ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ ಹೋಗಿ ಕೀಟವನ್ನು ಮೆಲ್ಲಗೆ ನೀರಿನ ಮೇಲೆ ಇಡಬೇಕು. ಎಸೆಯುವ ತಂತ್ರವೆಲ್ಲ ಇದರಿಂದಲೇ ಹುಟ್ಟುತ್ತದೆ. ರಾಡನ್ನು ಹಿಂದಕ್ಕೆ ಎತ್ತಿ ತಟ್ಟನೆ ನಿಲ್ಲಿಸಬೇಕು, ದಾರ ಹಿಂದೆ ಪೂರ್ತಿ ನೇರವಾಗುವವರೆಗೆ ಕಾಯಬೇಕು, ಆಮೇಲೆ ಮುಂದಕ್ಕೆ ತಂದು ಮತ್ತೆ ತಟ್ಟನೆ ನಿಲ್ಲಿಸಬೇಕು. ಕಾಯುವುದು ಬಾರದವರು ತೋಳಿನ ಬಲ ಹಾಕುತ್ತಾರೆ, ಬಲ ಹಾಕಿದಷ್ಟೂ ದಾರ ಗಂಟಾಗುತ್ತದೆ, ಸಂಜೆಗೆ ಭುಜ ನೋಯುತ್ತದೆ. ಮೊದಲ ವಾರ ಕೊಕ್ಕೆಯ ಬದಲು ತುದಿಗೆ ಉಣ್ಣೆಯ ಚೂರು ಕಟ್ಟಿ ಹುಲ್ಲಿನ ಮೈದಾನದಲ್ಲಿ ಅಭ್ಯಾಸ ಮಾಡಿ, ಆಮೇಲೆ ಒಂದು ದಿನದ ಮಟ್ಟಿಗೆ ಸ್ಥಳೀಯ ಗೈಡನ್ನು ನೇಮಿಸಿಕೊಳ್ಳಿ. ಅದು ದುಬಾರಿ ದಿನವೇ ಸರಿ, ಆದರೆ ಮಾರ್ಗದರ್ಶಿ ನಿಮ್ಮ ತಪ್ಪನ್ನು ಕಣ್ಣೆದುರೇ ತಿದ್ದುತ್ತಾನೆ.

ಒಂಬತ್ತು ಅಡಿಯ, 5 ವೇಟ್ (ದಾರದ ತೂಕದ ಅಂಕಿ) ಎಂದು ಗುರುತಿಸಿದ ರಾಡ್, ಅದೇ ಅಂಕಿಯ ತೇಲುವ ದಾರ, ದಾರಕ್ಕೂ ಫ್ಲೈಗೂ ನಡುವೆ ಕಟ್ಟುವ ಒಂಬತ್ತು ಅಡಿಯ ಸಪೂರ ಎಳೆಯಾದ ಲೀಡರ್ ಇಷ್ಟಿದ್ದರೆ ಈ ಭಾಗದ ಹೆಚ್ಚಿನ ನದಿಗಳಿಗೆ ಸಾಲುತ್ತದೆ. ನಾಲ್ಕು ತುಂಡಾಗುವ ರಾಡನ್ನೇ ಕೊಳ್ಳಿ, ಮೋಟಾರ್‌ಹೋಮಿನ ಕಪಾಟಿಗೆ ಅದು ಹಿಡಿಸುತ್ತದೆ. ಲೀಡರಿನ ತುದಿಗೆ ಕಟ್ಟುವ ಸಣ್ಣೆಳೆಯನ್ನು ಟಿಪೆಟ್ ಎನ್ನುತ್ತಾರೆ. ಅದರ ಎಕ್ಸ್ ಅಂಕಿ ಹೆಚ್ಚಿದಷ್ಟೂ ಎಳೆ ತೆಳ್ಳಗೆ. 11ರಿಂದ ಆ ಅಂಕಿಯನ್ನು ಕಳೆದರೆ ಇಂಚಿನ ಸಾವಿರದ ಭಾಗಗಳಲ್ಲಿ ದಪ್ಪ ಸಿಗುತ್ತದೆ: 5ಎಕ್ಸ್ ಎಂದರೆ 0.006 ಇಂಚು. ಕೊಕ್ಕೆಯ ಅಂಕಿಯನ್ನು 3ರಿಂದ ಭಾಗಿಸಿದರೆ ಯಾವ ಟಿಪೆಟ್ ಬೇಕೆಂದು ಸುಮಾರಾಗಿ ತಿಳಿಯುತ್ತದೆ. ಫ್ಲೈಗಳಲ್ಲಿ ಪ್ಯಾರಾಶೂಟ್ ಆಡಮ್ಸ್, ಎಲ್ಕ್ ಹೇರ್ ಕ್ಯಾಡಿಸ್, ಫೆಸಂಟ್ ಟೇಲ್, ಹೇರ್ಸ್ ಇಯರ್, ವೂಲಿ ಬಗರ್ ಇವುಗಳನ್ನು ಎರಡು ಮೂರು ಅಳತೆಗಳಲ್ಲಿ ಇಟ್ಟುಕೊಂಡು ಆರಂಭಿಸಿ. ಉಳಿದದ್ದನ್ನು ಆಯಾ ಊರಿನ ಫ್ಲೈ ಅಂಗಡಿಯಲ್ಲಿ, ಈ ವಾರ ಏನು ನಡೆಯುತ್ತಿದೆ ಎಂದು ಕೇಳಿಯೇ ಕೊಳ್ಳಬೇಕು. ನಾಲ್ಕು ಫ್ಲೈ ಕೊಂಡವರಿಗೆ ಅಂಗಡಿಯವರು ನದಿಯ ಸಮಾಚಾರವನ್ನೆಲ್ಲ ಹೇಳುತ್ತಾರೆ. ಚಳಿಗಾಲದ ಸ್ಯಾನ್ ಹ್ವಾನ್‌ನಲ್ಲಿ ಮಾತ್ರ 22, 24ರ ಅಳತೆಯ, ಸಾಸಿವೆ ಕಾಳಿನಷ್ಟು ಸಣ್ಣ, ಮಿಜ್ ಎಂಬ ಸೊಳ್ಳೆಯಂಥ ಕೀಟವನ್ನು ಹೋಲುವ ಫ್ಲೈಗಳು ಬೇಕು, ಅವುಗಳ ಕಣ್ಣಿಗೆ ಎಳೆ ಪೋಣಿಸಲು ನಮ್ಮ ವಯಸ್ಸಿನವರಿಗೆ ಕನ್ನಡಕಕ್ಕೆ ಸಿಕ್ಕಿಸುವ ಭೂತಗನ್ನಡಿಯೂ ಬೇಕು.

ಮೀನು ಬಾರದಿದ್ದರೆ ಹೊಸಬರು ಫ್ಲೈ ಬದಲಿಸುತ್ತಲೇ ಇರುತ್ತಾರೆ. ಹೆಚ್ಚಿನ ಸಲ ತಪ್ಪು ಫ್ಲೈಯದಲ್ಲ, ಅದು ತೇಲುವ ರೀತಿಯದು. ನಿಜವಾದ ಕೀಟ ನೀರಿನ ವೇಗದಲ್ಲೇ ಹೋಗುತ್ತದೆ. ನಿಮ್ಮ ದಾರ ನಡುವಿನ ವೇಗದ ನೀರಿನಲ್ಲಿ ಸಿಕ್ಕಿ ಕೀಟವನ್ನು ಎಳೆದರೆ ಮೀನು ತಿರುಗಿಯೂ ನೋಡುವುದಿಲ್ಲ. ಎಸೆದ ಕೂಡಲೇ ರಾಡಿನ ತುದಿಯಿಂದ ದಾರವನ್ನು ಪ್ರವಾಹದ ಮೇಲ್ಭಾಗಕ್ಕೆ ಎತ್ತಿ ಹಾಕಬೇಕು. ಇದಕ್ಕೆ ಮೆಂಡಿಂಗ್ ಎಂದು ಹೆಸರು. ದೂರ ಎಸೆಯುವುದಕ್ಕಿಂತ ಇದನ್ನು ಕಲಿಯುವುದು ಮುಖ್ಯ. ಮೂವತ್ತು ಅಡಿಯೊಳಗೇ ಬೇಕಾದಷ್ಟು ಮೀನುಗಳಿರುತ್ತವೆ.

ನೀರಿಗಿಳಿಯುವಾಗ

ಅರವತ್ತೈದರ ಮೇಲೆ ಮೀನಿಗಿಂತ ಕಾಲಿನ ಮೇಲೆ ಗಮನವಿರಬೇಕು. ವೇಡರ್ ಎಂಬ, ನೀರು ಒಳಬಿಡದ ಉಡುಪಿನ ಮೇಲೆ ಸೊಂಟದ ಪಟ್ಟಿಯನ್ನು ಬಿಗಿಯಾಗಿ ಕಟ್ಟದೆ ಎಂದೂ ಇಳಿಯಬಾರದು, ಬಿದ್ದರೆ ಒಳಗೆ ನೀರು ತುಂಬುವುದನ್ನು ತಡೆಯುವುದು ಅದೇ. ಊರುಗೋಲು ನಾಚಿಕೆಯ ವಸ್ತುವಲ್ಲ. ಕೋಲು ಮತ್ತು ಎರಡು ಕಾಲು ಸೇರಿ ಮೂರರಲ್ಲಿ ಎರಡು ಯಾವಾಗಲೂ ನೆಲದ ಮೇಲಿರಬೇಕು. ಮಂಡಿಯ ಮೇಲೆ ನೀರು ಬಂದರೆ ಹಿಂದಿರುಗಿ. ಬಿದ್ದರೆ ನಿಲ್ಲಲು ಹೆಣಗದೆ ಅಂಗಾತ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಮುಂದಿಟ್ಟು, ಆಳ ಕಡಿಮೆಯಾಗುವಲ್ಲಿ ದಡ ಹಿಡಿಯಬೇಕು. ಅಣೆಕಟ್ಟಿನ ಕೆಳಗಿನ ನದಿಯಲ್ಲಿ ನೀರು ಮುನ್ಸೂಚನೆಯಿಲ್ಲದಂತೆ ಏರಬಹುದು. ದಡದ ಒಂದು ಕಲ್ಲನ್ನು ಗುರುತಿಟ್ಟುಕೊಂಡು, ಅದು ಮುಳುಗತೊಡಗಿದರೆ ಹೊರಬನ್ನಿ.

ಯೆಲ್ಲೊಸ್ಟೋನ್ ಸುತ್ತಮುತ್ತ ಗ್ರಿಜ್ಲಿ ಕರಡಿಗಳಿವೆ. ಕರಡಿ ಸ್ಪ್ರೇ ಚೀಲದೊಳಗಲ್ಲ, ಕೈಗೆಟಕುವಂತೆ ಎದೆಯ ಮೇಲೋ ಸೊಂಟದಲ್ಲೋ ಇರಬೇಕು. ಕರಡಿ, ತೋಳಗಳಿಂದ 100 ಗಜ, ಬೈಸನ್ ಎಂಬ ಕಾಡೆಮ್ಮೆ ಮತ್ತು ಎಲ್ಕ್ ಎಂಬ ದೊಡ್ಡ ಜಿಂಕೆಗಳಿಂದ 25 ಗಜ ದೂರವಿರಬೇಕೆಂಬುದು ಉದ್ಯಾನದ ನಿಯಮ. ಕಾಡೆಮ್ಮೆ ನಿಮ್ಮ ನೆಚ್ಚಿನ ಮಡುವಿನಲ್ಲಿ ನಿಂತಿದ್ದರೆ ಆ ದಿನದ ಮಡು ಅದರದೇ.

ಹಿಡಿದ ಮೀನಿನ ವಿಷಯ

ಈ ಹವ್ಯಾಸದವರಲ್ಲಿ ಹೆಚ್ಚಿನವರು ಹಿಡಿದ ಮೀನನ್ನು ಬಿಟ್ಟುಬಿಡುತ್ತಾರೆ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಮಹಶೀರ್ ಹಿಡಿದು ಬಿಡುತ್ತಿದ್ದ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸತಲ್ಲ. ಸಸ್ಯಾಹಾರಿಗಳಾದ ನಮ್ಮವರು ಕೆಲವರು ಬಿಟ್ಟರೆ ಹಿಂಸೆಯೇ ಇಲ್ಲವೆಂದು ಸಮಾಧಾನ ಮಾಡಿಕೊಳ್ಳುತ್ತಾರೆ, ಅದು ಪೂರ್ಣ ಸತ್ಯವಲ್ಲ. ಬಿಟ್ಟವುಗಳಲ್ಲೂ ಕೆಲವು ಸಾಯುತ್ತವೆ. ಆ ಸಂಖ್ಯೆಯನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ. ಕೊಕ್ಕೆಯ ಮುಳ್ಳನ್ನು ಇಕ್ಕುಳದಿಂದ ಅದುಮಿ ಚಪ್ಪಟೆ ಮಾಡಿ, ಮೀನನ್ನು ಬೇಗ ಹತ್ತಿರಕ್ಕೆ ತನ್ನಿ, ರಬ್ಬರಿನ ಬಲೆ ಬಳಸಿ, ಕೈ ಒದ್ದೆ ಮಾಡದೆ ಮುಟ್ಟಬೇಡಿ, ಕೊಕ್ಕೆಯನ್ನು ನೀರಿನೊಳಗೇ ಬಿಡಿಸಿ. ಮೊಮ್ಮಕ್ಕಳಿಗೆ ಕಳಿಸಲು ಫೋಟೊ ಬೇಕಿದ್ದರೆ ಕ್ಯಾಮೆರಾ ಸಿದ್ಧವಾದ ಮೇಲೆಯೇ ಮೀನನ್ನು ಒಂದೆರಡು ಕ್ಷಣ ಎತ್ತಿ.

ಇದಕ್ಕೆ ಅಪವಾದವೂ ಇದೆ. ಯೆಲ್ಲೊಸ್ಟೋನ್ ಸರೋವರದಲ್ಲಿ 1994ರಲ್ಲಿ ಪತ್ತೆಯಾದ ಲೇಕ್ ಟ್ರೌಟ್ ಎಂಬ ಹೊರಗಿನ ಮೀನು ಅಲ್ಲಿಯ ಮೂಲನಿವಾಸಿ ಕಟ್‌ತ್ರೋಟ್‌ಗಳನ್ನು ತಿಂದು ಮುಗಿಸತೊಡಗಿದ್ದರಿಂದ, ಆ ಸರೋವರದಲ್ಲಿ ಹಿಡಿದ ಲೇಕ್ ಟ್ರೌಟನ್ನು ಕೊಲ್ಲಲೇಬೇಕೆಂಬ ನಿಯಮವಿದೆ. ಲಮಾರ್ ಜಲಾನಯನದಲ್ಲಿ ಸಿಕ್ಕ ರೇನ್‌ಬೋ ಟ್ರೌಟಿಗೂ ಅದೇ ನಿಯಮ. ಕಟ್‌ತ್ರೋಟನ್ನು ಮಾತ್ರ ಉದ್ಯಾನದಲ್ಲಿ ಎಲ್ಲೇ ಹಿಡಿದರೂ ಬಿಡಬೇಕು. ದವಡೆಯ ಕೆಳಗಿನ ಕೆಂಪು ಗೀರು ಅದರ ಗುರುತು. ಕೈಯಾರೆ ಕೊಲ್ಲಲಾಗದವರು ಆ ನೀರುಗಳನ್ನು ಬಿಟ್ಟು ಬೇರೆ ನದಿಗೆ ಹೋಗುವುದು ಪ್ರಾಮಾಣಿಕವಾದ ದಾರಿ.

ಚಕ್ರದ ಮೇಲಿನ ಸಂಸಾರ

ಮೋಟಾರ್‌ಹೋಮಿನಲ್ಲಿ ಮೂರು ಟ್ಯಾಂಕುಗಳು: ಶುದ್ಧ ನೀರಿನದು, ಸಿಂಕು ಮತ್ತು ಸ್ನಾನದ ಕೊಳೆನೀರಿನದು, ಶೌಚದ್ದು. ಶೌಚದ ಟ್ಯಾಂಕಿನ ಕವಾಟವನ್ನು ಅದು ಮುಕ್ಕಾಲು ತುಂಬುವವರೆಗೂ ಮುಚ್ಚಿಡಬೇಕು, ಇಲ್ಲವಾದರೆ ದ್ರವ ಹರಿದುಹೋಗಿ ಗಟ್ಟಿಯದು ಒಳಗೇ ಉಳಿಯುತ್ತದೆ. ಖಾಲಿ ಮಾಡುವಾಗ ಶೌಚದ್ದು ಮೊದಲು, ಕೊಳೆನೀರಿನದು ಆಮೇಲೆ. ಎರಡನೆಯದು ಕೊಳವೆಯನ್ನು ತೊಳೆಯುತ್ತದೆ. ನಮ್ಮ ಅಡುಗೆಯ ಎಣ್ಣೆ, ಅನ್ನದ ಗಂಜಿ ಕೊಳೆನೀರಿನ ಟ್ಯಾಂಕಿಗೆ ಹೋದರೆ ಎರಡೇ ದಿನಕ್ಕೆ ನಾತ ಬರುತ್ತದೆ. ಪಾತ್ರೆಯನ್ನು ಕಾಗದದಿಂದ ಒರೆಸಿ ಆಮೇಲೆ ತೊಳೆಯಿರಿ.

ವೆಸ್ಟ್ ಯೆಲ್ಲೊಸ್ಟೋನ್ ಊರು 6,667 ಅಡಿ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 93 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ತುಂಬ ಹೊತ್ತು ಹಿಡಿಯುತ್ತದೆ. ಕುಕ್ಕರ್ ಇಲ್ಲದೆ ಹೊರಡಬೇಡಿ. ಇಡ್ಲಿ ಹಿಟ್ಟು ತಂಪಿನಲ್ಲಿ ಹುದುಗದಿದ್ದರೆ ಹಗಲು ಬಿಸಿಲು ಬೀಳುವ ಡ್ಯಾಶ್‌ಬೋರ್ಡಿನ ಮೇಲಿಡಿ. ಬೇಳೆಕಾಳು, ಸಾರಿನ ಪುಡಿಗಳನ್ನು ಸಾಲ್ಟ್ ಲೇಕ್ ಸಿಟಿ ಅಥವಾ ಡೆನ್ವರ್ ದಾಟುವಾಗಲೇ ತುಂಬಿಕೊಳ್ಳಬೇಕು. ಒಗ್ಗರಣೆಯನ್ನು ಹೊರಗೆ ಸಣ್ಣ ಗ್ಯಾಸ್ ಒಲೆಯಲ್ಲಿ ಹಾಕಿದರೆ ಹೊಗೆಯ ಅಲಾರಂ ಕೂಗುವುದಿಲ್ಲ, ಆದರೆ ಕರಡಿಗಳಿರುವ ಕಡೆ ಒಲೆ, ಪಾತ್ರೆ, ಆಹಾರ ಯಾವುದನ್ನೂ ಹೊರಗೆ ಬಿಟ್ಟಿರಬಾರದು. 30 ಆಂಪಿಯರ್ ಸಂಪರ್ಕದಲ್ಲಿ ಒಟ್ಟು 3,600 ವಾಟ್ ಮಾತ್ರ ಸಿಗುವುದರಿಂದ ಹವಾನಿಯಂತ್ರಕ ಓಡುವಾಗ ಮೈಕ್ರೋವೇವ್ ಮತ್ತು ಮಿಕ್ಸಿ ಎರಡನ್ನೂ ಹಾಕಿದರೆ ಸ್ವಿಚ್ ಬೀಳುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಈ ವಾಹನ ಓಡಿಸಲು, ಟ್ಯಾಂಕು ಖಾಲಿ ಮಾಡಲು ಬರಬೇಕು. ಒಬ್ಬರು ಜ್ವರದಿಂದ ಮಲಗಿದರೆ ಆಸ್ಪತ್ರೆ ನೂರು ಮೈಲಿ ದೂರವಿರಬಹುದು.

ಚಳಿಗಾಲಕ್ಕೆ ದಾರಿ ಎರಡು. ಮೊದಲನೆಯದು ದಕ್ಷಿಣಕ್ಕೆ ಇಳಿಯುವುದು: ಅರಿಜೋನಾದ ಕ್ವಾರ್ಟ್ಜ್‌ಸೈಟ್ ಬಳಿಯ ಸರ್ಕಾರಿ ಬಯಲುಗಳಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಒಂದೇ ಪರವಾನಗಿಯ ಮೇಲೆ ತಂಗಬಹುದು, ನಡುವೆ ಸ್ಯಾನ್ ಹ್ವಾನ್ ಕಡೆಗೆ ಹೋಗಿಬರಬಹುದು. ಎರಡನೆಯದು ವಾಹನವನ್ನು ನಿಲ್ಲಿಸಿ ಬೆಂಗಳೂರಿಗೋ ಮೈಸೂರಿಗೋ ಹೋಗುವುದು. ಡಿಸೆಂಬರಿನಿಂದ ಫೆಬ್ರವರಿವರೆಗೆ ಉತ್ತರದ ಹೆಚ್ಚಿನ ನದಿಗಳಲ್ಲಿ ಹೇಗೂ ಕೆಲಸವಿಲ್ಲದ್ದರಿಂದ ಎರಡನೆಯದೇ ನನಗೆ ಹೆಚ್ಚು ಸರಿಯೆನಿಸುತ್ತದೆ. ಮೆಡಿಕೇರ್ ಭಾರತದಲ್ಲಿ ನಡೆಯುವುದಿಲ್ಲವಾದ್ದರಿಂದ ಪ್ರಯಾಣದ ವಿಮೆ ಮಾಡಿಸಿ. ಹೊರಡುವ ಮುನ್ನ ಮೂರೂ ಟ್ಯಾಂಕು ಮತ್ತು ನೀರಿನ ಹೀಟರನ್ನು ಬರಿದು ಮಾಡಿ, ಹೀಟರಿಗೆ ನೀರು ಹೋಗದಂತೆ ಬದಲಿ ಕವಾಟ ತಿರುಗಿಸಿ, ಪ್ರತಿ ನಲ್ಲಿಯಲ್ಲೂ ಗುಲಾಬಿ ಬಣ್ಣ ಕಾಣುವವರೆಗೆ ಕೊಳಾಯಿ ಹೆಪ್ಪುಗಟ್ಟದಂತೆ ತಡೆಯುವ ಆರ್‌ವಿ ಆಂಟಿಫ್ರೀಜ್ ದ್ರವವನ್ನು ಹಾಯಿಸಿ, ಅದರಲ್ಲಿ ಸ್ವಲ್ಪವನ್ನು ಸಿಂಕು ಮತ್ತು ಸ್ನಾನದ ಮೋರಿಗಳಿಗೂ ಸುರಿಯಿರಿ. ಗ್ಯಾಸ್ ಸಿಲಿಂಡರ್ ಮುಚ್ಚಿ, ಬ್ಯಾಟರಿಯ ಸಂಪರ್ಕ ಕಳಚಿ, ಫ್ರಿಜ್ ಬಾಗಿಲನ್ನು ತೆರೆದಿಟ್ಟು, ಇಲಿ ನುಗ್ಗುವ ಸಂದುಗಳಿಗೆ ಉಕ್ಕಿನ ನಾರು ತುರುಕಿ. ವೇಡರ್ ಮತ್ತು ಬೂಟುಗಳನ್ನು ಪೂರ್ತಿ ಒಣಗಿಸದೆ ಮಡಿಸಿಡಬೇಡಿ.